ನಿಲ್ಲೋಕೆ ಒಂದು ಜಾಗ

ಅಪ್ಪ ಕಣ್ಣಿನ ಆಪರೇಷನ್‌ಗೆ ಅಂತ ಮದ್ದೂರಿನಿಂದ ಬಂದವರು ಹದಿನೈದು ದಿನ ನಮ್ಮ ಮನೆಯಲ್ಲೇ ಉಳಿದಿದ್ದರು. ಪಟ್ಟಿ ಬಿಚ್ಚಿದ ಮೇಲೆ ಕೂತಲ್ಲಿ ಕೂರಲಿಲ್ಲ. ಬಾಲ್ಕನಿಗೆ ಹೋಗಿ ಎದುರಿನ ಅಪಾರ್ಟ್‌ಮೆಂಟಿನ ಬೋರ್ಡು ಓದುವುದು, ಒಳಗೆ ಬಂದು ಕ್ಯಾಲೆಂಡರ್ ಓದುವುದು. ಕೊನೆಗೆ "ಎಲ್ಲಾದ್ರೂ ಕರ್ಕಂಡೋಗ್ಲಾ" ಅಂದರು. ಮಾಲ್‌ಗೆ ಹೋಗೋಣ್ವಾ ಅಂತ ಕೇಳಿದೆ. "ಮಾಲಲ್ಲೇನೈತೆ? ವಿಧಾನಸೌಧ ತೋರ್ಸು. ಹೊಸ ಕಣ್ಣಲ್ಲಿ ಒಂದ್ ಸಲ ನೋಡ್ಬುಡ್ತೀನಿ."

ಮೆಟ್ರೋದಲ್ಲಿ ಹೋದೆವು. "ಮುಂದಿನ ನಿಲ್ದಾಣ, ಡಾಕ್ಟರ್ ಬಿ. ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ" ಅಂತ ಕೂಗಿದ್ದು ಕೇಳಿ ಅಪ್ಪ ತಲೆಯಾಡಿಸಿದರು. ಮೇಲೆ ಹತ್ತಿ ಬಂದರೆ ಎದುರಿಗೇ ಆ ದೊಡ್ಡ ಕಲ್ಲಿನ ಕಟ್ಟಡ. ಅದರ ಮುಂದೆ ಉದ್ದಕ್ಕೂ ಕಬ್ಬಿಣದ ಕಂಬಿ ಬೇಲಿ. ಅಪ್ಪ ಬೇಲಿಯ ಹತ್ತಿರ ಹೋಗಿ ಎರಡು ಕಂಬಿ ಹಿಡಿದು ನಿಂತರು. ಮದುವೆ ಮನೆಯ ಕಿಟಕಿಯಲ್ಲಿ ಮಕ್ಕಳು ನಿಲ್ಲುತ್ತಾರಲ್ಲ, ಹಾಗೆ. "ಇದ್ಯಾವಾಗ ಹಾಕುದ್ರು?" ನನಗೆ ಗೊತ್ತಿರಲಿಲ್ಲ. ನಾನು ಬೆಂಗಳೂರಿಗೆ ಬಂದಾಗಿಂದ ನೋಡುತ್ತಿರುವುದು ಬೇಲಿ ಇರುವ ವಿಧಾನಸೌಧವನ್ನೇ. ಬೇಲಿ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

ಫೋಟೋ ಬೇಕು ಅಂದರು. ಮೆಟ್ಟಿಲು ಪೂರ್ತಿ ಬರಬೇಕಂತೆ. ನಾನು ಹಿಂದಕ್ಕೆ ಸರಿದೆ, ಇನ್ನೂ ಸರಿದೆ. ರಸ್ತೆಗೆ ಇಳಿಯುವ ಹೊತ್ತಿಗೆ ಪೊಲೀಸಿನವರೊಬ್ಬರು ಬಂದು "ಯಜಮಾನ್ರೇ, ಇಲ್ಲಿ ನಿಲ್ಬೇಡಿ. ಬೇಗ ತಗೊಂಡು ಮುಂದಕ್ಕೆ ಹೋಗಿ" ಅಂದರು. ಗದರಿದ್ದಲ್ಲ. ದಿನಕ್ಕೆ ನೂರು ಸಲ ಹೇಳಿ ಹೇಳಿ ರೂಢಿಯಾದ ದನಿ ಅದು. ಅಪ್ಪನೂ ಬೇಜಾರು ಮಾಡಿಕೊಳ್ಳಲಿಲ್ಲ. ವಾಪಸ್ ಬರುವಾಗ ಮಾತ್ರ ರೈಲಿನಲ್ಲಿ ಒಮ್ಮೆ ಅಂದರು: "ಒಂಬತ್ನೇ ಕ್ಲಾಸಲ್ಲಿ ಮೇಷ್ಟ್ರು ಕರ್ಕಂಬಂದಿದ್ರು. ಆ ಮೆಟ್ಲು ಮ್ಯಾಲೇ ಕುಂತು ಬುತ್ತಿ ಬಿಚ್ಚಿದ್ದೋ."

ಆ ಮಾತು ನನ್ನನ್ನು ಬಿಟ್ಟಿಲ್ಲ. ಅಲ್ಲಿಂದೀಚೆಗೆ ಈ ಊರಿನ ಯಾವ ಪ್ರತಿಮೆ ನೋಡಿದರೂ, ಯಾವ ಸರ್ಕಲ್ ದಾಟಿದರೂ ಒಂದೇ ಪ್ರಶ್ನೆ ಬರುತ್ತದೆ. ಪೀಠದ ಮೇಲೆ ಯಾರನ್ನು ನಿಲ್ಲಿಸಿದ್ದಾರೆ ಅನ್ನುವುದು ಎಲ್ಲರಿಗೂ ಕಾಣುತ್ತದೆ. ಕೆಳಗೆ ನಾವು ಎಲ್ಲಿ ನಿಲ್ಲಬಹುದು?

ಎದುರುಬದುರು

ವಿಧಾನಸೌಧದ ಎದುರಿಗೆ ರಸ್ತೆಯಾಚೆ ಕೆಂಪು ಬಣ್ಣದ ಅಠಾರಾ ಕಚೇರಿ. 1868ರಲ್ಲಿ ಮುಗಿದ ಕಟ್ಟಡ, ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಲಿದ್ದ ಕಾಲದ್ದು. ಹದಿನೆಂಟು ಇಲಾಖೆಗಳು ಇದ್ದವು ಅಂತ ಆ ಹೆಸರು. ಈಗ ಹೈಕೋರ್ಟ್ ಇರುವುದು ಅಲ್ಲೇ. ಗ್ರೀಸು ರೋಮಿನ ಮಾದರಿಯ ಕಂಬಗಳು. ಆ ಕಂಬಗಳ ಎದುರಿಗೆ ನೆಟ್ಟಗೆ ನಿಂತು ಉತ್ತರ ಕೊಡುವ ಹಾಗೆ ಕೆಂಗಲ್ ಹನುಮಂತಯ್ಯನವರು ವಿಧಾನಸೌಧ ಕಟ್ಟಿಸಿದರು.

ಅಡಿಗಲ್ಲು ಹಾಕಿದ್ದು 1951ರ ಜುಲೈ 13ರಂದು, ನೆಹರೂ ಕೈಯಲ್ಲಿ. ಆಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ, ನಕ್ಷೆಯೂ ಸಾದಾ. ಮರುವರ್ಷ ಕೆಂಗಲ್ ಬಂದ ಮೇಲೆ ನಕ್ಷೆ ಬದಲಾಯಿತು. ರಷ್ಯಾದಿಂದ ಬಂದ ಅತಿಥಿಗಳು ಊರು ಸುತ್ತಿ "ಎಲ್ಲಾ ಯುರೋಪಿನ ಕಟ್ಟಡಗಳೇ, ನಿಮ್ಮದು ಅಂತ ಏನೂ ಇಲ್ವಾ?" ಎಂದು ಕೇಳಿದ್ದೇ ಅವರನ್ನು ಚುಚ್ಚಿತು ಅನ್ನುವ ಕತೆ ಎಲ್ಲರೂ ಹೇಳುತ್ತಾರೆ. ಕತೆ ಎಷ್ಟು ನಿಜವೋ, ಚುಚ್ಚಿದ್ದಂತೂ ನಿಜ ಅನ್ನಿಸುತ್ತದೆ ಕಟ್ಟಡ ನೋಡಿದರೆ. ದೇವಸ್ಥಾನದ ಕೆತ್ತನೆ, ಅರಮನೆಯ ಜರೋಕಾ, ನಡುವೆ ದೊಡ್ಡ ಗುಮ್ಮಟ, ಅದರ ಮೇಲೆ ನಾಲ್ಕು ಸಿಂಹ. ಸಾವಿರಾರು ಜನ ಕಲ್ಲು ಒಡೆದರು, ಅವರಲ್ಲಿ ಜೈಲಿನ ಕೈದಿಗಳೂ ಇದ್ದರು. ಖರ್ಚಿನ ಬಗ್ಗೆ ಗಲಾಟೆ ಎದ್ದಿತು. 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಕೆಂಗಲ್ ಕುರ್ಚಿ ಹೋಗಿತ್ತು. ಅದೇ ನವೆಂಬರ್ 1ಕ್ಕೆ ಹೊಸ ಮೈಸೂರು ರಾಜ್ಯ ಹುಟ್ಟಿತು. ಹಳೇ ಮೈಸೂರಿನವರು ಕಟ್ಟಿಸಿದ ಮನೆಗೆ ಬೀದರ್, ಧಾರವಾಡ, ಮಂಗಳೂರಿನವರೆಲ್ಲ ಬಂದು ಸೇರಿದರು.

ನನಗೆ ಆ ಕಟ್ಟಡದ ಬಗ್ಗೆ ಒಂದು ತಕರಾರು ಇದೆ, ಒಂದು ಪ್ರೀತಿಯೂ ಇದೆ. ತಕರಾರು ಏನೆಂದರೆ, ಅದು ಪ್ರಜೆಗಳ ಮನೆಯ ಥರ ಕಾಣುವುದಿಲ್ಲ. ರಾಜನೊಬ್ಬ ಈಗಷ್ಟೇ ಎದ್ದು ಒಳಗೆ ಹೋದ ಹಾಗಿದೆ. ಬಾಗಿಲ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಬೇರೆ. ಪ್ರೀತಿ ಇರುವುದು ಮೆಟ್ಟಿಲ ಮೇಲೆ. ನಲವತ್ತೈದು ಮೆಟ್ಟಿಲು, ಇನ್ನೂರು ಅಡಿಗೂ ಹೆಚ್ಚು ಅಗಲ. ಒಳಗೆ ಹೋಗೋಕೆ ಇಷ್ಟು ಅಗಲ ಯಾರಿಗೂ ಬೇಡ. ಅದು ಕೂರೋಕೆ ಅಂತಲೇ ಇದ್ದಂತಿದೆ. ನಮ್ಮ ಕಡೆ ಜಗಲಿಯ ಲೆಕ್ಕ ಅದೇ ತಾನೆ? ಮನೆ ಎಷ್ಟೇ ಸಿರಿವಂತರದ್ದಾಗಲಿ, ಜಗಲಿ ಊರಿನವರದ್ದು. ದಾರಿಹೋಕರು ಕೂತು ನೀರು ಕೇಳಬಹುದು. ವಿಧಾನಸೌಧಕ್ಕೆ ಆ ಮೆಟ್ಟಿಲೇ ಜಗಲಿ. ಒಂಬತ್ತನೇ ಕ್ಲಾಸಿನ ಹುಡುಗರು ಅಲ್ಲಿ ಬುತ್ತಿ ಬಿಚ್ಚಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೆಡವಿದ್ದು, ಉಳಿಸಿದ್ದು

ಬೇರೆ ದೇಶಗಳಲ್ಲಿ ಸರ್ಕಾರ ಬದಲಾದರೆ ಪ್ರತಿಮೆಗೆ ಹಗ್ಗ ಕಟ್ಟಿ ಎಳೆಯುತ್ತಾರೆ. ಟೀವಿಯಲ್ಲಿ ನೋಡಿದ್ದೇವೆ. ಬೆಂಗಳೂರಿಗೆ ಆ ಅಭ್ಯಾಸ ಕಡಿಮೆ. ವಿಕ್ಟೋರಿಯಾ ರಾಣಿ 1906ರಿಂದ ಕಬ್ಬನ್ ಪಾರ್ಕಿನ ಅಂಚಿನಲ್ಲೇ ನಿಂತಿದ್ದಾಳೆ, ಒಂದು ಕಾಲಕ್ಕೆ ಪೇಟೆಯೂ ದಂಡೂ ಸೇರುತ್ತಿದ್ದ ಗಡಿಯಲ್ಲಿ. ಅವಳ ಮಗ ಎಡ್ವರ್ಡ್ ಸ್ವಲ್ಪ ದೂರದಲ್ಲಿದ್ದಾನೆ. ಅಠಾರಾ ಕಚೇರಿಯ ಅಂಗಳದಲ್ಲಿ ಕುದುರೆ ಮೇಲೆ ಕೂತಿದ್ದ ಹಳೇ ಕಮಿಷನರ್ ಮಾರ್ಕ್ ಕಬ್ಬನ್‌ರನ್ನು 2020ರಲ್ಲಿ ಎತ್ತಿಕೊಂಡು ಹೋಗಿ ಪಾರ್ಕಿನೊಳಗೆ ಇಟ್ಟರು. ಒಡೆಯಲಿಲ್ಲ, ಮನೆಯ ಹಳೇ ಬೀರು ಹಾಲಿನಿಂದ ಹಿಂದಿನ ರೂಮಿಗೆ ಹೋದ ಹಾಗೆ ಹೋಯಿತು. ಆ ಪಾರ್ಕಿಗೆ 1927ರಲ್ಲೇ ಚಾಮರಾಜೇಂದ್ರರ ಹೆಸರಿಟ್ಟರು. ಆಟೋದವರಿಗೆ ಆ ಹೆಸರು ಹೇಳಿ ನೋಡಿ, ಚಾಮರಾಜಪೇಟೆಗೆ ಕರೆದುಕೊಂಡು ಹೋಗುತ್ತಾರೆ.

ಕೆಡವಿದ್ದು ಅಂತ ನೆನಪಿಗೆ ಬರುವುದು ಒಂದೇ. ಈಗ ಪಾಲಿಕೆ ಕಚೇರಿ ಇರುವ ಹಡ್ಸನ್ ಸರ್ಕಲ್ಲಿನಲ್ಲಿ ಒಂದು ಕಲ್ಲಿನ ಸ್ತಂಭ ಇತ್ತು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಬೆಂಗಳೂರು ಕೋಟೆ ಕಿತ್ತುಕೊಂಡಾಗ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ ಹಾಕಿದ್ದು. ಇಂಥ ಸ್ಮಾರಕಕ್ಕೆ ಇಂಗ್ಲಿಷಿನಲ್ಲಿ ಸೆನೊಟಾಫ್ ಅನ್ನುತ್ತಾರೆ, ಅದರಿಂದಲೇ ರಸ್ತೆಗೆ ಸೆನೊಟಾಫ್ ರೋಡ್ ಅಂತ ಹೆಸರು. ಕನ್ನಡ ಚಳವಳಿಯವರು ಇದು ನಮ್ಮ ಸೋಲಿನ ಗುರುತು, ತೆಗೀರಿ ಅಂತ ಪಟ್ಟು ಹಿಡಿದರು. 1964ರಲ್ಲಿ ಅದು ಬಿತ್ತು. ರಸ್ತೆ ನೃಪತುಂಗ ರಸ್ತೆಯಾಯಿತು. ಇವತ್ತು ಅಲ್ಲಿ ಪಾಲಿಕೆಯ ಮುಂದೆ ಕೆಂಪೇಗೌಡರಿದ್ದಾರೆ. ಸುಮಾರು ಇಂಥದ್ದೇ ಸ್ತಂಭವೊಂದು ಶ್ರೀರಂಗಪಟ್ಟಣದಲ್ಲಿದೆ, 1799ರಲ್ಲಿ ಸತ್ತ ಬ್ರಿಟಿಷ್ ಕಡೆಯವರಿಗೆ. ಅದನ್ನು ಯಾರೂ ಮುಟ್ಟಿಲ್ಲ. ಸಂಜೆ ಕಾವೇರಿ ನೋಡೋಕೆ ಬಂದವರು ಅದರ ಕಟ್ಟೆ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾರೆ, ಅಪ್ಪನೂ ನಾನೂ ತಿಂದಿದ್ದೇವೆ. ಒಂದು ಕಲ್ಲು ಅವಮಾನ, ಇನ್ನೊಂದು ಕಲ್ಲು ಕಟ್ಟೆ. ರಾಜಧಾನಿಯ ನಡುಮಧ್ಯೆ ಇದ್ದದ್ದೇ ಮೊದಲನೆಯದರ ತಪ್ಪು ಅನ್ನಿಸುತ್ತದೆ.

ಅಠಾರಾ ಕಚೇರಿಯನ್ನೂ 1980ರ ದಶಕದಲ್ಲಿ ಕೆಡವುವ ಮಾತು ಬಂದಿತ್ತು. ಊರಿನವರು ಬಿಡಲಿಲ್ಲ. ಆ ಕೆಂಪು ಕಟ್ಟಡ ಇಲ್ಲದೆ ವಿಧಾನಸೌಧ ಯಾರಿಗೆ ಉತ್ತರ ಕೊಡಬೇಕಿತ್ತು ಹೇಳಿ?

ಅಂಗಳ ತುಂಬಿದ್ದು

ಕೆಡವುವ ಅಭ್ಯಾಸ ಇಲ್ಲದ ಊರಿನಲ್ಲಿ ಪಕ್ಕಕ್ಕೆ ಇನ್ನೊಂದು ಸೇರಿಸುವ ಅಭ್ಯಾಸ ಜಾಸ್ತಿ. ವಿಧಾನಸೌಧದ ಸುತ್ತ ಒಂದು ರೌಂಡ್ ಹಾಕಿ. ಎದುರಿಗೆ ಅಂಬೇಡ್ಕರ್, ನೆಹರೂ. ವಿಧಾನಸೌಧಕ್ಕೂ ಪಕ್ಕದ ವಿಕಾಸಸೌಧಕ್ಕೂ ನಡುವೆ ಧ್ಯಾನಕ್ಕೆ ಕೂತ ಗಾಂಧಿ. (ವಿಕಾಸಸೌಧವೇ ಒಂದು ಪ್ರತಿಮೆ. ವಿಧಾನಸೌಧದ್ದು.) ಕೆಂಗಲ್ ಇದ್ದಾರೆ, ದೇವರಾಜ ಅರಸು ಇದ್ದಾರೆ. 2023ರ ಮಾರ್ಚ್ 26ಕ್ಕೆ ಬಸವಣ್ಣನವರೂ ಕೆಂಪೇಗೌಡರೂ ಒಂದೇ ದಿನ ಬಂದರು. ಮೂರೇ ದಿನಕ್ಕೆ ವಿಧಾನಸಭಾ ಚುನಾವಣೆಯ ದಿನಾಂಕ ಪ್ರಕಟವಾಯಿತು. ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಬಂದ ಸರ್ಕಾರವೂ ಸುಮ್ನೆ ಕೂರಲಿಲ್ಲ. 2025ರ ಜನವರಿಯಲ್ಲಿ ಇಪ್ಪತ್ತೈದು ಅಡಿಯ ಭುವನೇಶ್ವರಿಯನ್ನು ತಂದು ನಿಲ್ಲಿಸಿತು.

ಇದನ್ನೆಲ್ಲ ಬರೀ ಓಟಿನ ಆಟ ಅಂತ ನಕ್ಕುಬಿಡುವುದು ಸುಲಭ. ನಾನೂ ನಗುತ್ತಿದ್ದೆ. ಆದರೆ ಏಪ್ರಿಲ್ 14ರಂದು ಅಂಬೇಡ್ಕರ್ ಪ್ರತಿಮೆಯ ಹತ್ತಿರ ಒಮ್ಮೆ ಹೋಗಿ ನೋಡಬೇಕು. ದೂರದ ಊರುಗಳಿಂದ ಬೆಳಗ್ಗೆಯೇ ಬಸ್ಸು ಹಿಡಿದು ಬಂದವರು, ಬಿಳಿ ಅಂಗಿ, ನೀಲಿ ಶಾಲು, ಸೊಂಟದಲ್ಲಿ ಮಗು. ಆ ಪ್ರತಿಮೆ ಅವರಿಗೆ ಅಲಂಕಾರ ಅಲ್ಲ. ಅಲ್ಲಿ ನಿಲ್ಲೋಕೆ ಅವರಿಗೆ ಸಿಕ್ಕ ಕಾರಣ. ಒಂದು ಸಮುದಾಯದ ಹಿರಿಯರು ಆ ಅಂಗಳದಲ್ಲಿ ನಿಂತರೆ, ಆ ಸಮುದಾಯದವರು ವರ್ಷಕ್ಕೆ ಒಂದು ದಿನವಾದರೂ ಹಾರ ಹಿಡಿದು ಒಳಗೆ ಬರಬಹುದು. ಎಲ್ಲರೂ ಜಾಗಕ್ಕೆ ಯಾಕೆ ಬಡಿದಾಡುತ್ತಾರೆ ಅಂತ ಆಮೇಲೆ ನನಗೆ ಅರ್ಥವಾಯಿತು. ಮೆಟ್ಟಿಲು ಎಲ್ಲರಿಗೂ ತೆರೆದಿದ್ದಾಗ ಈ ರಗಳೆ ಇಷ್ಟಿತ್ತೇ ಅಂತ ಒಂದು ಅನುಮಾನ ಮಾತ್ರ ಉಳಿದಿದೆ.

ನಮ್ಮ ಗೌಡ್ರು

ಏರ್‌ಪೋರ್ಟಿನ ಕೆಂಪೇಗೌಡರ ವಿಷಯಕ್ಕೆ ಬರುತ್ತೇನೆ. ನೂರೆಂಟು ಅಡಿ ಕಂಚು, 2022ರ ನವೆಂಬರ್ 11ಕ್ಕೆ ಪ್ರಧಾನಿ ಬಂದು ಅನಾವರಣ ಮಾಡಿದ್ದು. ಗುಜರಾತಿನ ಪಟೇಲರ ಪ್ರತಿಮೆ ಮಾಡಿದ ರಾಮ್ ಸುತಾರರೇ ಇದನ್ನೂ ಮಾಡಿದ್ದು. ಅದಕ್ಕೆ ಮೊದಲು ರಾಜ್ಯದ ಹಳ್ಳಿ ಹಳ್ಳಿಯಿಂದ ಮಣ್ಣು ತಂದರು. ನಮ್ಮೂರಿಗೂ ಮೃತ್ತಿಕೆ ಸಂಗ್ರಹದ ಗಾಡಿ ಬಂದಿತ್ತು. ಅಪ್ಪ ಮನೆ ಹಿಂದಿನ ಹೊಲದಿಂದ ಒಂದು ಬೊಗಸೆ ಹಾಕಿದರಂತೆ. ಫೋನಿನಲ್ಲಿ ಅದನ್ನು ಹೇಳುವಾಗ ದನಿಯೇ ಬೇರೆ ಇತ್ತು. "ನಮ್ಮ ಗೌಡ್ರು ಕಣ್ಲಾ. ನಮ್ ಮಣ್ಣೂ ಐತೆ ಅಲ್ಲಿ."

ಒಪ್ಪಿಕೊಳ್ಳುತ್ತೇನೆ, ರಾತ್ರಿ ವಿಮಾನ ಇಳಿದು ಬರುವಾಗ ದೀಪದಲ್ಲಿ ಹೊಳೆಯುವ ಆ ಖಡ್ಗ ನೋಡಿ ನನಗೂ ಎದೆ ಸ್ವಲ್ಪ ಉಬ್ಬುತ್ತದೆ. ಕ್ಯಾಬ್ ಮುಂದೆ ಹೋದ ಮೇಲೆ ಅನುಮಾನ ಶುರು. ಅದನ್ನು ಮುಕ್ಕಾಲು ಜನ ನೋಡುವುದು ಕಾರಿನ ಕಿಟಕಿಯಿಂದ, ಅರವತ್ತು ಎಂಬತ್ತರ ಸ್ಪೀಡಿನಲ್ಲಿ. ಊರಿಗೆ ಬಂದವರಿಗೆ, ಊರು ಬಿಟ್ಟು ಹೋಗುವವರಿಗೆ ಅಂತ ಇಟ್ಟದ್ದು ಅದು.

ಲಾಲ್‌ಬಾಗಿನ ಬಂಡೆ ಮೇಲೆ ಒಂದು ಪುಟ್ಟ ಗೋಪುರ ಇದೆಯಲ್ಲ, ಕೆಂಪೇಗೌಡರ ಮನೆತನದವರು ಕಟ್ಟಿಸಿದ್ದು ಅನ್ನುವ ನಾಲ್ಕರಲ್ಲಿ ಒಂದು. ಅದರ ಪಕ್ಕ ನಿಂತರೆ ಏರ್‌ಪೋರ್ಟಿನ ಗೌಡರ ಪಾದದ ಎತ್ತರವೂ ಇದಕ್ಕೆ ಇಲ್ಲವೇನೋ ಅನ್ನಿಸುತ್ತದೆ. ಊರು ಇಲ್ಲಿಯವರೆಗೆ ಬೆಳೆಯಬಹುದು ಅಂತ ಇಟ್ಟ ಗುರುತು ಅಂತೆ. ಊರು ಅದನ್ನು ದಾಟಿ ಎಲ್ಲಿಗೋ ಹೋಗಿದೆ. ಆದರೆ ಸಂಜೆ ಐದಕ್ಕೆ ಆ ಬಂಡೆ ಮೇಲೆ ಕೂತವರನ್ನು ಎಣಿಸಿ. ಕಾಲೇಜು ಹುಡುಗರು, ಮಂಡಿ ನೋವಿನ ಅಜ್ಜಂದಿರು, ಮನೆಯಲ್ಲಿ ಹೇಳದೆ ಬಂದ ಜೋಡಿಗಳು, ಮಾವಿನಕಾಯಿಗೆ ಖಾರ ಹಚ್ಚಿಕೊಡುವವರು. ಯಾರೂ ಕೆಂಪೇಗೌಡರ ಮಾತಾಡುತ್ತಿರುವುದಿಲ್ಲ. ಎಲ್ಲರೂ ಅವರ ಜಗಲಿಯಲ್ಲಿ ಕೂತಿರುತ್ತಾರೆ.

ಜೈಲಿನ ಅಂಗಳ

1993ರ ಅಕ್ಟೋಬರಿನಲ್ಲಿ ಅಪ್ಪ ಇನ್ನೊಂದು ಸಲ ಬೆಂಗಳೂರಿಗೆ ಬಂದಿದ್ದರು. ಲಾರಿಯಲ್ಲಿ, ಹಸಿರು ಟವೆಲ್ ಹಾಕಿಕೊಂಡು. ವಿಶ್ವ ವ್ಯಾಪಾರ ಒಪ್ಪಂದಕ್ಕೆ ಅಂತ ತಂದಿದ್ದ ಡಂಕೆಲ್ ಪ್ರಸ್ತಾವದ ವಿರುದ್ಧ ರೈತ ಸಂಘದ ದೊಡ್ಡ ಸಮಾವೇಶ. ಡಂಕೆಲ್ ಯಾರು ಅಂತ ಆಗಲೂ ಸರಿಯಾಗಿ ಗೊತ್ತಿರಲಿಲ್ಲವಂತೆ, ನಂಜುಂಡಸ್ವಾಮಿ ಮೇಷ್ಟ್ರು ಬೀಜ ಕಿತ್ಕತಾರೆ ಅಂದ್ರು, ಅಷ್ಟು ಸಾಕಾಯಿತಂತೆ. ಕಬ್ಬನ್ ಪಾರ್ಕಿನ ಹುಲ್ಲೆಲ್ಲ ಹಸಿರು ಟವೆಲ್ಲು ಅಂತ ಇವತ್ತಿಗೂ ಹೇಳುತ್ತಾರೆ. "ಕಾಣ್ತಿತ್ತು ಕಣ್ಲಾ ವಿಧಾನಸೌಧ. ನಾವ್ ಕೂಗಿದ್ದು ಅವ್ರಿಗೆ ಕೇಳ್ಸದು."

ಈಗ ಹಾಗಿಲ್ಲ. 2021ರಲ್ಲಿ ಟ್ರಾಫಿಕ್ ಜಾಮಿನ ವಿಷಯ ಹೈಕೋರ್ಟಿನವರೆಗೂ ಹೋಯಿತು, ಆಮೇಲೆ ಪೊಲೀಸರ ಆದೇಶ ಬಂತು. ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್ ಮಾತ್ರ. ಅದು ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನೆಲ್ಲ ಇಟ್ಟಿದ್ದ ಜಾಗ. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಪಾರ್ಕ್ ಆಯಿತು. ನಡುವಿನ ಕಾವಲು ಗೋಪುರ ಹಾಗೇ ಇದೆ. ಇಲ್ಲಿ ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ಮೆಜೆಸ್ಟಿಕ್ ಹತ್ತಿರ ಒಂದೂವರೆ ಗಂಟೆ ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡು "ಇವರಿಗೆ ಬೇರೆ ಕಡೆ ಜಾಗ ಕೊಡಬಾರದಾ" ಅಂತ ಬೈದವರಲ್ಲಿ ನಾನೂ ಒಬ್ಬ. ಕೊಟ್ಟರು.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಅಲ್ಲಿ ಹಗಲೂ ರಾತ್ರಿ ಕೂತಿದ್ದರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವ ಹಾಗೆ ಮಾಡುತ್ತೇವೆ ಅಂತ ಭರವಸೆ ಸಿಕ್ಕ ಮೇಲೆ, ನಾಲ್ಕನೇ ದಿನಕ್ಕೆ ಎದ್ದರು. ಆ ದಿನಗಳಲ್ಲಿ ಒಂದು ಸಂಜೆ ಆಫೀಸಿನಿಂದ ಬರುತ್ತಾ ಆ ಕಡೆ ಹೋಗಿದ್ದೆ. ಗುಲಾಬಿ ಸೀರೆಯೇ ಸೀರೆ. ಪ್ಲಾಸ್ಟಿಕ್ ಶೀಟಿನ ಮೇಲೆ ಕಂಬಳಿ, ಚೀಲವೇ ದಿಂಬು, ಜನವರಿಯ ಚಳಿ. ಟೀ ಅಂಗಡಿ ಹತ್ತಿರ ರಾಯಚೂರಿನ ಕಡೆಯ ಒಬ್ಬರು ಕೇಳಿದರು: "ಅಣ್ಣಾರ, ವಿಧಾನಸೌಧ ಇಲ್ಲಿಂದ ಕಾಣ್ತದೇನ್ರಿ?"

ಕಾಣೋದಿಲ್ಲ ಅಂದೆ. ಹೆಚ್ಚೆಂದರೆ ಎರಡು ಕಿಲೋಮೀಟರ್, ಆದರೆ ಕಾಣೋದಿಲ್ಲ.

"ಮಗಳು ಫೋಟೋ ಕಳಿಸು ಅಂದಾಳ್ರಿ. ಶಾಲ್ಯಾಗ ಪಾಠ ಐತಂತ." ಆಮೇಲೆ ಕಾವಲು ಗೋಪುರದ ಕಡೆ ಕೈ ಮಾಡಿ, "ಅದೇನ್ರಿ?" ಅಂದರು. ಹಳೇ ಜೈಲು ಅಂದೆ. ಪಕ್ಕದವರ ಕಡೆ ತಿರುಗಿ "ಏ, ಕೇಳಿದ್ಯಾ, ಜೈಲಾಗ ಕುಂತೀವಂತ" ಅಂತ ಜೋರಾಗಿ ನಕ್ಕರು. ಗೋಪುರದ ಫೋಟೋ ತೆಗೆದರೋ ಇಲ್ಲವೋ ನೋಡಲಿಲ್ಲ. ಅವರ ಟೀಗೆ ದುಡ್ಡು ಕೊಡೋಕೆ ಹೋದೆ, ಬೇಡ ಅಂದರು.

ಬೆಳಗಾವಿಯದು ಇನ್ನೊಂದು ಕತೆ. 2012ರಲ್ಲಿ ತೆರೆದ ಸುವರ್ಣಸೌಧವನ್ನು ನಾನು ಕಟ್ಟಡ ಅನ್ನುವುದಿಲ್ಲ, ಗಡಿಕಲ್ಲು ಅನ್ನುತ್ತೇನೆ. ಮಹಾರಾಷ್ಟ್ರದ ಕಡೆ ಮುಖ ಮಾಡಿ ನೆಟ್ಟ ಬಲು ದುಬಾರಿ ಗಡಿಕಲ್ಲು. ವರ್ಷಕ್ಕೊಂದು ಚಳಿಗಾಲದ ಅಧಿವೇಶನ. ಆ ಹತ್ತು ಹದಿನೈದು ದಿನ ಕೊಂಡಸಕೊಪ್ಪದ ಬಯಲಿನಲ್ಲಿ ಪ್ರತಿಭಟನೆಯ ಶಾಮಿಯಾನಗಳು ಏಳುತ್ತವೆ. ಅಲ್ಲಿಂದ ಸೌಧ ಕಾಣುತ್ತದೆ ಅನ್ನುವುದೊಂದು ಸಮಾಧಾನ.

2025ರ ಜೂನ್ 4ರಂದು ಮಾತ್ರ ನಮ್ಮ ವಿಧಾನಸೌಧದ ಮೆಟ್ಟಿಲಿಗೆ ಮತ್ತೆ ಜನ ಬಂದಿದ್ದರು, ಆರ್‌ಸಿಬಿ ಆಟಗಾರರ ಸನ್ಮಾನಕ್ಕೆ. ಬೇಲಿಯಾಚೆ ಮರಗಳ ಮೇಲೆ, ಎದುರಿನ ಹೈಕೋರ್ಟಿನ ಕಟ್ಟಡದ ಮೇಲೆಲ್ಲ ಹುಡುಗರು. ಅದೇ ಸಂಜೆ ಸ್ವಲ್ಪ ದೂರದ ಸ್ಟೇಡಿಯಂ ಗೇಟುಗಳ ಹತ್ತಿರ ಹನ್ನೊಂದು ಜನ ಕಾಲ್ತುಳಿತದಲ್ಲಿ ಸತ್ತರು. ಅವರ ಬಗ್ಗೆ ಬರೆಯೋಕೆ ನನಗೆ ಇನ್ನೂ ಆಗುತ್ತಿಲ್ಲ. ಇಷ್ಟು ದೊಡ್ಡ ಊರಿನವರು ಒಟ್ಟಿಗೆ ಖುಷಿ ಪಡೋಕೆ ಅಂತ ಹೊರಟರೆ ನಿಲ್ಲೋಕೆ ಒಂದು ಬಯಲು ಇಲ್ಲ ಅನ್ನುವುದು ಮಾತ್ರ ತಲೆಯಲ್ಲಿ ಕೂತಿದೆ.

ಫೋಟೋ

ಈಗ ರಜಾ ದಿನಗಳಲ್ಲಿ ಟಿಕೆಟ್ ತಗೊಂಡು ಗೈಡ್ ಜೊತೆ ವಿಧಾನಸೌಧದ ಒಳಗೆ ಹೋಗಬಹುದು, 2025ರ ಜೂನ್‌ನಿಂದ ಶುರುವಾಗಿದೆ. ಒಳ್ಳೇದೇ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ, ಬನ್ನಿ, ಹೋಗಿಬರೋಣ ಅಂತ. "ಟಿಕೆಟ್ಟಾ?" ಅಂತ ಒಂದೇ ಮಾತು. ಆಮೇಲೆ ಮಳೆಯ ವಿಷಯಕ್ಕೆ ಹೋದರು.

ಆವತ್ತು ತೆಗೆದ ಫೋಟೋ ಅಪ್ಪನಿಗೆ ಹಿಡಿಸಿರಲಿಲ್ಲ. ಬೇಲಿಯ ಕಂಬಿಗಳು ಅಡ್ಡ ಬಂದು ಮೆಟ್ಟಿಲೆಲ್ಲ ಗೀಟು ಗೀಟಾಗಿತ್ತು. ನನ್ನ ಮಗಳು "ಕೊಡಿ ತಾತ" ಅಂತ ಫೋನ್ ಇಸಕೊಂಡಳು. ಬೆರಳಲ್ಲಿ ಕಂಬಿಗಳ ಮೇಲೆ ಉಜ್ಜಿದಳು. ಒಂದೊಂದೇ ಕಂಬಿ ಹೋಯಿತು. ಕಂಬಿ ಹೋದ ಕಡೆ ಫೋನು ತಾನೇ ಹುಲ್ಲು ತುಂಬಿತು, ಕಲ್ಲು ತುಂಬಿತು. ಗಮನವಿಟ್ಟು ನೋಡಿದರೆ ಬಲಗಡೆ ಎರಡು ಮೆಟ್ಟಿಲು ಒಂದರೊಳಗೊಂದು ಕರಗಿದಂತಿವೆ. ಅಪ್ಪ ಹೊಸ ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಈಗ್ ಸರಿ ಆಯ್ತು" ಅಂದರು. ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಕೊಟ್ಟೆ.

ಹೋದ ತಿಂಗಳು ಊರಿಗೆ ಹೋದಾಗ ನೋಡಿದೆ, ನಡುಮನೆಯಲ್ಲಿ ಅಜ್ಜನ ಫೋಟೋ ಪಕ್ಕ ನೇತುಹಾಕಿದ್ದಾರೆ. ಹಾಲಿನ ಡೇರಿಯಿಂದ ಬಂದ ಪಕ್ಕದ ಮನೆಯವರು ಅದರ ಮುಂದೆ ನಿಂತು ಕೇಳಿದರು.

"ಒಳೀಕೆ ಬುಟ್ರಾ ಗೌಡ್ರೇ?"

"ಊಂ. ಯಾಕ್ ಬುಡಲ್ಲ?" ಅಂದರು ಅಪ್ಪ, ನನ್ನ ಕಡೆ ನೋಡದೆ.